ಐದನೇ ನುಡಿ

ಬಡವನ ಸಿಟ್ಟು ದವಡೆಗೆ ಮೂಲ ಎಂಬ ಗಾದೆಯನ್ನು ಕಟ್ಟಿದವರು ಬಡವರಂತೂ ಇರಲಿಕ್ಕಿಲ್ಲ. ಸಿಟ್ಟನ್ನು ನುಂಗಿಕೊಂಡು ಹನ್ನೆರಡು ವರ್ಷ ಕಾಪಾಡಿಟ್ಟರೆ ಅದು ಏನಾಗುತ್ತದೆ ಎಂಬುದು ಆ ಗಾದೆಗೆ ಗೊತ್ತಿಲ್ಲ. ಗಡಿಯಾಚೆಯ ತೆಲುಗು ಸೀಮೆಯಲ್ಲಿ, ನಾರಾಯಣಖೇಡದ ಬಸ್ ಸ್ಟ್ಯಾಂಡ್ ಎದುರಿಗೆ ಆನ್‌ಲೈನ್ ಸೆಂಟರ್ ಇಟ್ಟುಕೊಂಡಿದ್ದ ಸ್ವರೂಪಾಳಿಗೆ ಗೊತ್ತಿತ್ತು.

ಅವಳದು ಹತ್ತು ಅಡಿಯ ಅಂಗಡಿ. ಒಂದು ಕಂಪ್ಯೂಟರು, ಒಂದು ಪ್ರಿಂಟರು, ಗಿರಾಕಿಗಳಿಗೆ ಎರಡು ಪ್ಲಾಸ್ಟಿಕ್ ಕುರ್ಚಿ. ತೆಲುಗು ಟೈಪ್ ಮಾಡುವವರು ಆ ಸಾಲಿನಲ್ಲೇ ನಾಲ್ಕು ಮಂದಿ ಇದ್ದರು. ಆದರೆ ಜಹೀರಾಬಾದಿನಿಂದ ತಾಂಡೂರಿನವರೆಗೆ ಹುಡುಕಿದರೂ ಕನ್ನಡವನ್ನು ತಪ್ಪಿಲ್ಲದೆ ಟೈಪ್ ಮಾಡುವವಳು ಅವಳೊಬ್ಬಳೇ. ಲಗ್ನಪತ್ರಿಕೆ, ಮಠದ ಕರಪತ್ರ, ಕನ್ನಡ ಶಾಲೆಯ ಪ್ರಶ್ನೆಪತ್ರಿಕೆ, ಎಲ್ಲವೂ ಅವಳ ಮೇಜಿಗೇ ಬರುತ್ತಿದ್ದವು. ಹೀಗಿರುವಾಗ ಒಂದಲ್ಲ ಒಂದು ದಿನ ವೈಜಿನಾಥನೂ ಬರಲೇಬೇಕಲ್ಲ. ಅವಳು ಅವನಿಗಾಗಿ ಕಾದು ಕೂತಿದ್ದಳು ಎಂದರೆ ಸುಳ್ಳಾಗುತ್ತದೆ. ಬಂದರೆ ಏನು ಮಾಡಬೇಕು ಎಂದು ಯೋಚಿಸದ ದಿನ ಇರಲಿಲ್ಲ ಎಂದರೆ ಸುಳ್ಳಾಗುವುದಿಲ್ಲ.

ಬಂದದ್ದು ಒಂದು ಗುರುವಾರ, ಮಧ್ಯಾಹ್ನ ಎರಡು ಗಂಟೆಗೆ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಹೆಗಲಲ್ಲಿ ಚೀಲ, ಕೈಯಲ್ಲಿ ಪ್ಲಾಸ್ಟಿಕ್ ಫೈಲು. ಜಹೀರಾಬಾದಿನ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಕನ್ನಡ ಕಲಿಸಿ ನಿವೃತ್ತನಾದ ಮೇಷ್ಟ್ರು. ಆ ಸೀಮೆಯೆಲ್ಲ ಅವನಿಗೆ ಸರ ಅನ್ನುತ್ತದೆ, ಅನ್ನಲಿ. ಈ ಕತೆಯಲ್ಲಿ ಅವನು ಬರೀ ವೈಜಿನಾಥ.

“ತಂಗೀ, ಕನ್ನಡ ಟೈಪ್ ಮಾಡಾಕಿ ನೀನೇ ಏನವಾ? ಎಲ್ಲಾರೂ ನಿನ್ನ ಹೆಸರೇ ಹೇಳ್ಯಾರ ನೋಡು.”

ಸ್ವರೂಪಾ ತಲೆ ಎತ್ತಿ ಅವನ ಮುಖವನ್ನೇ ನೋಡಿದಳು. ಗುರುತು ಹತ್ತಲಿಲ್ಲ ಅವನಿಗೆ. ಹೊಡೆದವನು ಊಟ ಮಾಡಿ ಕೈ ತೊಳೆಯುವಷ್ಟರಲ್ಲಿ ಮರೆತಿರುತ್ತಾನೆ. ಹೊಡೆಸಿಕೊಂಡವನಿಗೆ ಆ ಕೈಯ ಉಂಗುರ ಯಾವ ಬೆರಳಿನಲ್ಲಿತ್ತು ಎಂಬುದೂ ನೆನಪಿರುತ್ತದೆ.

“ನಾನೇ ರೀ ಸರ. ಕೂಡ್ರಿ,” ಅಂದಳು.

ಇಲ್ಲಿ ಹನ್ನೆರಡು ವರ್ಷ ಹಿಂದಕ್ಕೆ ಹೋಗದಿದ್ದರೆ ಕತೆ ಕುಂಟುತ್ತದೆ.

ಸ್ವರೂಪಾಳ ಅಪ್ಪ ಮೊಗಲಪ್ಪ ನಾಗಲಗಿದ್ದ ಎಂಬ ಹಳ್ಳಿಯವನು. ಕಂಡವರ ಹೊಲದಲ್ಲಿ ಕೂಲಿ ಮಾಡಿದವನು, ಒಂದಕ್ಷರ ಓದಲು ಬಾರದವನು. ಆದರೆ ಭಜನೆಯ ಹಾಡು ಕಟ್ಟುವುದರಲ್ಲಿ ಅವನನ್ನು ಮೀರಿಸುವವರು ಸುತ್ತ ಹತ್ತು ಊರಿನಲ್ಲಿ ಇರಲಿಲ್ಲ. ಕಳೆ ಕೀಳುತ್ತ ಕಟ್ಟುತ್ತಿದ್ದ, ಸಂಜೆ ಏಕತಾರಿ ಹಿಡಿದು ಹಾಡುತ್ತಿದ್ದ. ಹಾಗೆ ಕಟ್ಟಿದ್ದು ಒಂಬತ್ತು ಹಾಡು, ಒಂದೊಂದಕ್ಕೂ ಐದು ನುಡಿ, ಅಂದರೆ ಐದು ಚರಣ.

ಆ ಕಡೆಯ ಭಜನೆಗೆ ಒಂದು ಕಟ್ಟಳೆ ಇದೆ. ಹಾಡು ಕಟ್ಟಿದವನು ತನ್ನ ಹೆಸರನ್ನು ಕೊನೆಯ ನುಡಿಯಲ್ಲಿ ಇಡುತ್ತಾನೆ, ಅದನ್ನು ಅಂಕಿತ ಅನ್ನುತ್ತಾರೆ. ಕಾಗದವಿಲ್ಲ, ಸಹಿಯಿಲ್ಲ, ಹಾಡು ಯಾರದು ಎಂಬುದಕ್ಕೆ ಅದೊಂದೇ ಸಾಕ್ಷಿ. ಅಂಕಿತದ ಸಾಲು ಬಂದಾಗ ತಾಳ ನಿಧಾನವಾಗಬೇಕು, ಆ ಸಾಲನ್ನು ಮೂರು ಸಲ ಹಾಡಬೇಕು, ಕೇಳುವವರು ಕೈಮುಗಿಯಬೇಕು. ಅಂಕಿತ ಬರುವ ಮೊದಲೇ ಎದ್ದು ಹೋಗುವುದು ಹಾಡಿಗೆ ಮಾಡುವ ಅವಮಾನ. ಮಳೆ ಬಂದರೂ ಯಾರೂ ಏಳುವುದಿಲ್ಲ.

ಸ್ವರೂಪಾಳಿಗೆ ಆಗ ಇಪ್ಪತ್ತು. ಜಹೀರಾಬಾದಿನಲ್ಲಿ ಡಿಗ್ರಿ ಓದುತ್ತಿದ್ದಳು. ಅಲ್ಲಿನ ಗಡಿ ಕನ್ನಡ ಬಳಗದವರು ಹಳ್ಳಿ ಹಾಡುಗಳ ಪುಸ್ತಕ ತರುತ್ತಾರೆ, ಕಾರ್ಯದರ್ಶಿ ವೈಜಿನಾಥ ಸರಗೆ ಈಮೇಲ್ ಮಾಡಬೇಕು, ಹಾಡಿಗೆ ಎಂಬತ್ತು ಶಬ್ದ, ಎಂದು ನೋಟಿಸು ಬಂತು. ಅಪ್ಪನನ್ನು ಎದುರಿಗೆ ಕೂಡಿಸಿಕೊಂಡು ಹಾಡಿಸಿ ಒಂಬತ್ತನ್ನೂ ಟೈಪ್ ಮಾಡಿದಳು. ಒಂದೊಂದು ನೂರು ದಾಟಿತು. ಹಾಡನ್ನು ಯಾರು ಕತ್ತರಿಸುತ್ತಾರೆ, ಉದ್ದವಾದರೆ ಒಂದೆರಡು ಕಡಿಮೆ ಅಚ್ಚು ಹಾಕಿಯಾರು ಎಂದುಕೊಂಡಳು. ‘ಇವು ನಮ್ಮ ತಂದೆ ಮೊಗಲಪ್ಪನವರು ಕಟ್ಟಿದ ಹಾಡುಗಳು’ ಎಂದು ಮೇಲೆ ಪತ್ರ ಬರೆದು ಕಳಿಸಿದಳು.

ಪುಸ್ತಕ ಬಂತು. ಮೊಗಲಪ್ಪ ಕೂಲಿಗೆ ರಜೆ ಹಾಕಿ, ಸ್ನಾನ ಮಾಡಿ, ತಲೆಗೆ ರುಮಾಲು ಸುತ್ತಿಕೊಂಡು ಬೇವಿನ ಮರದ ಕೆಳಗೆ ಕೂತ. “ಓದವಾ,” ಅಂದ. ಅವಳು ಮೊದಲನೆಯದನ್ನೇ ಓದಿದಳು. ಅದು ಕಾಳು ಅಳೆಯುವ ಸೇರಿನ ಹಾಡು, ಅವನಿಗೆ ಎಲ್ಲಕ್ಕಿಂತ ಪ್ರೀತಿಯದು. ನಾಲ್ಕನೇ ನುಡಿ ಮುಗಿಯಿತು. ಮೊಗಲಪ್ಪ ಕೈಯಲ್ಲಿನ ತಾಳವನ್ನು ನಿಧಾನ ಮಾಡಿ, ಕಣ್ಣು ಮುಚ್ಚಿ ಕಾದ.

“ಮುಂದ?” ಅಂದ.

“ಮುಂದ ಇಲ್ಲಪ್ಪಾ.”

“ಇಲ್ಲ ಅಂದ್ರ? ನನ್ನ ನುಡಿ ಎಲ್ಲಿ ಹೋತು?”

ಅವಳು ಹಾಳೆ ತಿರುಗಿಸಿದಳು. ಎರಡನೆಯ ಹಾಡಿಗೂ ನಾಲ್ಕೇ ನುಡಿ. ಮೂರನೆಯದಕ್ಕೂ ಅಷ್ಟೇ. ಒಂದೊಂದು ಮುಗಿದಾಗಲೂ ಅವನು “ಮುಂದ?” ಅನ್ನುತ್ತಿದ್ದ. ಐದನೆಯ ಹಾಡಾದ ಮೇಲೆ ಕೇಳುವುದನ್ನು ಬಿಟ್ಟ. ಒಂಬತ್ತರ ಕೆಳಗೂ ಒಂದೇ ಸಾಲಿತ್ತು: ಸಂಗ್ರಹ, ವೈಜಿನಾಥ. ಮೊಗಲಪ್ಪ ಎಂಬ ಹೆಸರು ಆ ಪುಸ್ತಕದಲ್ಲಿ ಭೂತಗನ್ನಡಿ ಹಿಡಿದರೂ ಇರಲಿಲ್ಲ.

ಮರುದಿನವೇ ಅವಳು ಬಸ್ಸು ಹಿಡಿದು ಜಹೀರಾಬಾದಿಗೆ ಹೋದಳು. ವೈಜಿನಾಥ ಉಂಗುರದ ಕೈಯಿಂದ ಕಂಪ್ಯೂಟರಿನ ಪರದೆಯನ್ನು ಅವಳತ್ತ ತಿರುಗಿಸಿದ. ಇಂಟರ್‌ನೆಟ್ಟಿನಲ್ಲಿ ಶಬ್ದ ಎಣಿಸುವ ಒಂದು ಪುಟ. ಬರೆದದ್ದನ್ನು ಡಬ್ಬಿಯೊಳಗೆ ಸುರಿದರೆ ಮೇಲೆ ಸಂಖ್ಯೆ ಬರುತ್ತದೆ. ಅವನಿಗೆ ಅದು ಹೊಸ ಆಟಿಕೆ.

“ನೋಡು, ನಿಮ್ಮವು ಎಲ್ಲಾ ನೂರರ ಮ್ಯಾಲ ಇದ್ದವು. ಕೊನೀ ನುಡಿ ತಗದ ಮ್ಯಾಲ ಎಲ್ಲಾ ಬರಾಬರ್ ಎಂಬತ್ತರ ಒಳಗ ಕುಂತವು.”

“ಕೊನೀ ನುಡಿಯಾಗೇ ನಮ್ಮಪ್ಪನ ಹೆಸರು ಇರ್ತದರೀ ಸರ.”

“ನಾ ಏನ್ ಮಾಡ್ಲಿ? ಕಂಪ್ಯೂಟರ್ ಎಣಸ್ತದ. ಎಂಬತ್ತು ಅಂದ್ರ ಎಂಬತ್ತು.” ಆಮೇಲೆ ನಕ್ಕ. “ಅಲ್ಲವಾ, ಕೊನೀತನ ಯಾರು ಓದ್ತಾರ?”

ಎಣಿಸುವ ಡಬ್ಬಿಗೆ ಏನು ಗೊತ್ತು, ಪಾಪ. ಸುರಿದದ್ದನ್ನು ಎಣಿಸುತ್ತದೆ. ಕತ್ತರಿ ಹಿಡಿದ ಕೈಗೆ ಗೊತ್ತಿತ್ತು. ಕನ್ನಡ ಮೇಷ್ಟ್ರಿಗೆ ಅಂಕಿತ ಗೊತ್ತಿಲ್ಲ ಎಂದರೆ ನಂಬಲು ನಾವೇನು ಎಳೆಗೂಸುಗಳೇ? ಎರಡು ವರ್ಷಕ್ಕೆ ಆ ಪುಸ್ತಕ ಮತ್ತೆ ಅಚ್ಚಾಯಿತು, ‘ಸಂಗ್ರಹ’ ಇದ್ದಲ್ಲಿ ‘ರಚನೆ’ ಎಂದು ಬಂತು. ಸೇರಿನ ಹಾಡು ಶಾಲೆಗಳಿಗೆ ಹೋಯಿತು, ಸ್ವಾತಂತ್ರ್ಯ ದಿನಾಚರಣೆಗೆ ಹೋಯಿತು. ಒಂದು ಸಂಜೆ ಭಜನೆಯಲ್ಲಿ ಪಕ್ಕದ ಊರಿನವನೊಬ್ಬ ಒಳ್ಳೆಯ ಮನಸ್ಸಿನಿಂದಲೇ ಹೇಳಿದ: “ಮಾಸ್ತರ ಹಾಡು ಭಾಳ ಛಲೋ ಹಾಡ್ತಿ ನೋಡು ಮೊಗಲಪ್ಪ. ಆದ್ರ ಕೊನೀಗ ನಿನ್ನ ಹೆಸರು ಯಾಕ ಸೇರಸ್ತಿ?”

ಮೊಗಲಪ್ಪ ಮನೆಗೆ ಬಂದು ಏಕತಾರಿಯನ್ನು ಗೂಟಕ್ಕೆ ತೂಗುಹಾಕಿದ. ಮತ್ತೆ ಅದನ್ನು ಇಳಿಸಲಿಲ್ಲ. ಮರುವರ್ಷ ತೀರಿಕೊಂಡ. ಜ್ವರ ಬಂದು ಸತ್ತ ಎಂದು ಊರವರು ಅಂದರು. ಸ್ವರೂಪಾ ಹಾಗೆ ಅನ್ನಲಿಲ್ಲ. ಅಪ್ಪನ ಹೆಸರನ್ನು ಅವನ ಹಾಡಿಗೆ ತಿರುಗಿ ತರಬೇಕು, ಅದೂ ಕಿತ್ತವನ ಕೈಯಿಂದಲೇ ತರಿಸಬೇಕು ಎಂದು ಮಣ್ಣು ಹಾಕುವಾಗಲೇ ಅಂದುಕೊಂಡಿದ್ದಳು.

ಈಗ ಆ ಕೈ ಅವಳ ಮೇಜಿನ ಮೇಲಿತ್ತು. ಅದೇ ಉಂಗುರ, ಅದೇ ಬೆರಳು.

ತಾಂಡೂರಿನ ಕಾಗಿಣಾ ಸಾಹಿತ್ಯ ವೇದಿಕೆಯವರು ‘ಗಡಿಸಿರಿ’ ಎಂಬ ಸನ್ಮಾನ ಇಟ್ಟಿದ್ದರು. ಅರ್ಜಿ ಆನ್‌ಲೈನಿನಲ್ಲೇ ಹಾಕಬೇಕು, ಅದೇ ದಿನ ಸಂಜೆ ನಾಲ್ಕಕ್ಕೆ ಕೊನೆ. ಎರಡೇ ಡಬ್ಬಿ ತುಂಬಬೇಕಿತ್ತು. ಒಂದರಲ್ಲಿ ತನ್ನ ಪರಿಚಯ, ಸಾವಿರ ಅಕ್ಷರ ಮೀರಬಾರದು. ಇನ್ನೊಂದರಲ್ಲಿ ಸ್ವಂತ ರಚನೆಯ ಒಂದು ಹಾಡು, ನೂರು ಶಬ್ದಕ್ಕೆ ಕಡಿಮೆ ಇರಬಾರದು.

“ಪರಿಚಯ ನಾ ಎಣಿಸೇ ತಂದೀನವಾ,” ಎಂದು ವೈಜಿನಾಥ ನೋಟುಬುಕ್ಕು ತೆಗೆದ. ಪೆನ್ಸಿಲಿನಲ್ಲಿ ಹತ್ತು ಹತ್ತು ಅಕ್ಷರಕ್ಕೆ ಒಂದೊಂದು ಚುಕ್ಕೆ ಇಟ್ಟು, ಕೆಳಗೆ ೯೮೬ ಎಂದು ಬರೆದು, ಎರಡು ಗೆರೆ ಎಳೆದಿದ್ದ. “ಬರಾಬರ್ ಅದ. ಹೊಡದು ಹಾಕು.”

ಸ್ವರೂಪಾ ಹೊಡೆದಳು, ಎಣಿಸುವ ಪುಟಕ್ಕೆ ಸುರಿದಳು. ಮೇಲೆ ಕೆಂಪು ಸಂಖ್ಯೆ ಬಂತು: 2041.

ವೈಜಿನಾಥ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡ. “ಏ, ಅದು ತಪ್ಪದ. ಛಂದಸ್ಸು ಕಲಿಸಿದ ಮನಿಶ್ಯಾ ನಾ. ನನಗ ಅಕ್ಷರ ಎಣಸಾಕ ಬರೂದಿಲ್ಲೇನು?”

“ನೀವು ಬಾಯಿಲೆ ಎಣಿಸೀರಿ ಸರ, ಇದು ಬಟನ್ ಎಣಸ್ತದ,” ಎಂದಳು ಸ್ವರೂಪಾ. ಅವಳ ದನಿಯಲ್ಲಿ ಜೇನು ಇತ್ತು. “ಕ್ಷೇತ್ರ ಅಂದ್ರ ನಿಮ್ಗ ಎರಡು, ಇದಕ್ಕ ಏಳು. ಒತ್ತು ಬ್ಯಾರೆ, ದೀರ್ಘ ಬ್ಯಾರೆ. ನಡುವ ಬಿಟ್ಟ ಖಾಲಿ ಜಾಗಾನೂ ಲೆಕ್ಕಕ್ಕ ಬರ್ತದ. ಹಂಗೇ ಕಳಿಸಿದ್ರ ಫಾರ್ಮು ಸಾವಿರಕ್ಕ ಕತ್ತರಿಸಿ ಮಿಕ್ಕಿದ್ದು ಬಿಸಾಕ್ತದ.”

ಇಷ್ಟು ಹೇಳುವ ಅಗತ್ಯ ಅವಳಿಗೆ ಇರಲಿಲ್ಲ. ಸುಮ್ಮನೆ ಹಾಗೇ ಕಳಿಸಿದ್ದರೆ ಅವನ ಬಾಲ ಕತ್ತರಿಸಿ ಹೋಗುತ್ತಿತ್ತು. ಆದರೆ ಅದು ಎಲ್ಲೋ ಕಾಣದ ಕಂಪ್ಯೂಟರಿನಲ್ಲಿ ಆಗುವ ಕತ್ತರಿ. ತನ್ನ ಕಣ್ಣೆದುರಿಗೆ, ಅವನ ಬಾಯಿಂದಲೇ ಹೇಳಿಸಿ, ಒಂದೊಂದೇ ಸಾಲು ಕತ್ತರಿಸುವ ಸುಖವನ್ನು ಅವಳೇಕೆ ಬಿಡುತ್ತಾಳೆ?

“ಯಾವ್ದು ತೆಗೀಲಿ ಹೇಳ್ರಿ ಸರ.”

ವೈಜಿನಾಥ ಬೆವರೊರೆಸಿಕೊಂಡು ನೋಡಿದ. ತನಗೆ ಅಕ್ಷರ ಕಲಿಸಿದ ರಾಯಿಕೋಡಿನ ಖಂಡೆಪ್ಪ ಮಾಸ್ತರರ ಬಗ್ಗೆ ಅರ್ಧ ಪುಟ ಇತ್ತು, ಅದನ್ನು ತೆಗೆಸಿದ. ಮೂವತ್ತೈದು ವರ್ಷ ಮನೆ ನಡೆಸಿದ ಹೆಂಡತಿ ದ್ರೌಪದಿಯ ಹೆಸರಿದ್ದ ಸಾಲುಗಳನ್ನು ತೆಗೆಸಿದ. ಬಳಗ ಕಟ್ಟಿದ ಗೆಳೆಯರನ್ನು ಸಾಲಾಗಿ ತೆಗೆಸಿದ. ಒಂದೊಂದು ಸಲವೂ “ಎಷ್ಟಾತು?” ಎಂದು ಕೇಳುತ್ತಿದ್ದ, ಅವಳು ಸಂಖ್ಯೆ ಹೇಳುತ್ತಿದ್ದಳು. ಕೊನೆಗೆ 1090ಕ್ಕೆ ಬಂದು ನಿಂತಿತು.

“ಇನ್ನ ತೊಂಬತ್ತು ಹೆಚ್ಚಿಗಿ ಅವರೀ. ಈ ‘ಹೆಸರಾಂತ’, ‘ಸುಪ್ರಸಿದ್ಧ’, ‘ಜನಮೆಚ್ಚಿದ’ ಎಲ್ಲಾ ತೆಗದ್ರ ಸಾಕು.”

“ಬ್ಯಾಡ ಬ್ಯಾಡ, ಅವು ಇರಬೇಕು.” ಅವನ ಬೆರಳು ಪರದೆಯ ಮೇಲೆ ಇಳಿಯುತ್ತಾ ಒಂದು ಸಾಲಿನ ಮೇಲೆ ನಿಂತಿತು. “ಇದ್ನ ತೆಗಿ.”

ಅಲ್ಲಿ ಹೀಗಿತ್ತು: ‘ನಾಗಲಗಿದ್ದ ಕಡೆಯ ಕೂಲಿಕಾರರ ಬಾಯಿಂದ ಕೇಳಿದ ಹಾಡುಗಳೇ ನನ್ನ ರಚನೆಗಳ ಬೇರು ಎಂದು ವಿನಯದಿಂದ ಹೇಳಿಕೊಳ್ಳುತ್ತೇನೆ.’

ಇಡೀ ಪರಿಚಯದಲ್ಲಿ ನಿಜಕ್ಕೆ ಹತ್ತಿರವಿದ್ದದ್ದು ಆ ಒಂದೇ ಸಾಲು. ಸ್ವರೂಪಾಳ ಕೈ ಮೌಸಿನ ಮೇಲೆ ನಿಂತೇಬಿಟ್ಟಿತು. “ಇದು ಇರಲಿ ಅಲ್ಲರೀ ಸರ. ಬ್ಯಾರೇದು ಯಾವ್ದರ ತೆಗೀಮು.”

“ತೆಗಿಯವಾ. ಕೂಲಿ ಮಂದಿ ಸುದ್ದಿ ಯಾರು ಓದ್ತಾರ?”

ಅವಳು ತೆಗೆದಳು. 996. ಸಂಖ್ಯೆ ಹಸಿರಾಯಿತು. ಆ ಸಾಲು ಉಳಿದಿದ್ದರೆ ಅವಳು ಅವನನ್ನು ಬಿಟ್ಟುಬಿಡುತ್ತಿದ್ದಳು ಎಂದು ಹೇಳಿದರೆ ಕೇಳಲು ಚೆನ್ನಾಗಿರುತ್ತದೆ. ಬಿಡುತ್ತಿರಲಿಲ್ಲ ಎಂದೇ ನನ್ನ ಲೆಕ್ಕ. ಆದರೆ ಅಲ್ಲಿಯವರೆಗೆ ಅವಳ ಎದೆಯಲ್ಲಿ ಒಂದು ಸಣ್ಣ ಅಳುಕಿತ್ತು, ಹಿರಿಯ ಮನುಷ್ಯ, ವಯಸ್ಸಾಗಿದೆ ಎಂದು. ಆ ಸಾಲಿನ ಜೊತೆಗೆ ಅದೂ ಅಳಿಸಿಹೋಯಿತು.

ಗಂಟೆ ಮೂರೂ ಇಪ್ಪತ್ತು. ಎರಡನೇ ಡಬ್ಬಿಗೆ ಬಂದರು. ವೈಜಿನಾಥ ಪುಸ್ತಕ ತೆಗೆದು ಸೇರಿನ ಹಾಡಿನ ಪುಟ ತೋರಿಸಿದ. “ಇದು ನನ್ನ ಹಾಡು. ಪ್ರತಿ ಶಾಲಿಯಾಗ ಹಾಡ್ತಾರ.” ಸ್ವರೂಪಾ ಪುಸ್ತಕ ನೋಡದೆಯೇ ನಾಲ್ಕು ನುಡಿ ಟೈಪ್ ಮಾಡಿದಳು. ಅದನ್ನೂ ಅವನು ಗಮನಿಸಲಿಲ್ಲ, ಗೋಡೆಯ ಗಡಿಯಾರ ನೋಡುತ್ತಿದ್ದ.

ಎಪ್ಪತ್ತೊಂಬತ್ತು ಶಬ್ದ. ಕೆಂಪು.

“ಇಪ್ಪತ್ತೊಂದು ಕಮ್ಮಿ ಬಿತ್ತರೀ ಸರ. ನೂರು ಅಂದ್ರ ನೂರು, ಫಾರ್ಮು ಮುಂದಕ್ಕ ಹೋಗಾಂಗಿಲ್ಲ.”

“ಬ್ಯಾರೆ ಹಾಡು ಹಾಕು.”

“ಹಾಕ್ಲಿ. ಒಂಬತ್ತೂ ಎಂಬತ್ತರ ಒಳಗೇ ಅವರೀ.”

ಹೌದಲ್ಲ! ಒಂಬತ್ತನ್ನೂ ತಾನೇ ಎಂಬತ್ತರ ಅಳತೆಗೆ ಕಡಿದು ಕೂಡಿಸಿದವನು. ತಾನು ತೋಡಿದ ಗುಂಡಿಗೆ ತಾನೇ ಬೀಳುವುದು ಎಂದರೆ ಹೀಗೆ, ಅದೂ ಹನ್ನೆರಡು ವರ್ಷದ ಹಿಂದೆ ತೋಡಿ ಮರೆತ ಗುಂಡಿ.

“ಹಂಗಾದ್ರ ಇನ್ನೊಂದು ನುಡಿ ಸೇರಸು.”

“ನಿಮ್ಮ ಹಾಡದ, ನೀವೇ ಹೇಳ್ರಿ. ನಾ ಹೊಡಿತೀನಿ.”

ವೈಜಿನಾಥ ಫ್ಯಾನಿನ ಕಡೆ ಮುಖ ಎತ್ತಿದ. “ಸೇರು... ಸೇರಿನೊಳಗ...” ಅಂದ. ಗಂಟಲು ಸರಿ ಮಾಡಿಕೊಂಡ. “ಸೇರಿನೊಳಗ ಸೇರಿ...” ಅಂದ. ಮೂವತ್ತು ವರ್ಷ ಛಂದಸ್ಸು ಕಲಿಸಿದವನ ಬಾಯಲ್ಲಿ ಕಳೆ ಕೀಳುವವನ ಒಂದು ಸಾಲು ಹುಟ್ಟಲಿಲ್ಲ. ಸ್ವರೂಪಾ ಕೀಲಿಮಣೆಯ ಮೇಲೆ ಬೆರಳಿಟ್ಟು ವಿನಯದಿಂದ ಕಾದಳು. ಅವಳ ಜೀವನದಲ್ಲಿ ಅಷ್ಟು ತಂಪಾದ ಐದು ನಿಮಿಷ ಅದಕ್ಕೆ ಮೊದಲು ಬಂದಿರಲಿಲ್ಲ.

ಕೊನೆಗೆ ಅವಳೇ ಹೇಳಿದಳು. “ಈ ಹಾಡಿಗೆ ಐದನೇದು ಒಂದು ನುಡಿ ಅದರೀ ಸರ. ನಮ್ಮ ನಾಗಲಗಿದ್ದ ಕಡಿ ಹಾಡ್ತಾರ. ಅದ್ನ ಹಾಕ್ಲೇನು?”

“ಎಷ್ಟು ಶಬ್ದ?”

“ಇಪ್ಪತ್ಮೂರು.”

“ಹಾಕು ಹಾಕು, ಜಲ್ದಿ ಹಾಕು!”

ನುಡಿ ಏನು ಹೇಳುತ್ತದೆ ಎಂದು ಕೇಳಲಿಲ್ಲ. ಎಷ್ಟು ಎಂದಷ್ಟೇ ಕೇಳಿದ. ಸ್ವರೂಪಾ ಟೈಪ್ ಮಾಡಿದಳು. ಕೊನೆಯ ಸಾಲಿಗೆ ಬಂದಾಗ ಅಪ್ಪನ ಹೆಸರು ಒಮ್ಮೆ ತಪ್ಪಿತು, ಅಳಿಸಿ ಮತ್ತೆ ಹೊಡೆದಳು. ನೂರಾ ಎರಡು. ಸಂಖ್ಯೆ ಹಸಿರಾಯಿತು.

“ಒಂದ್ಸಲ ಓದ್ರಿ ಸರ.”

“ಹಸರು ಆತಲ್ಲ, ಮತ್ತೇನು?” ಅವನ ಫೋನು ಬಂತು. ತಾಂಡೂರಿನ ಯಾರೋ, ಗೆದ್ದರೆ ಶಾಲು ಯಾವ ಬಣ್ಣದ್ದು ಎಂಬ ಮಾತು ನಡೆಯಿತು. ಸ್ವರೂಪಾ ಪ್ರಿಂಟು ತೆಗೆದು ಮುಂದಿಟ್ಟಳು. ಸಹಿ ಮಾಡಿದ ಪ್ರತಿಯನ್ನು ಸ್ಕ್ಯಾನ್ ಮಾಡಿ ಸೇರಿಸಬೇಕಿತ್ತು.

“ಸಹಿ ಮಾಡೂಕಿಂತ ಮೊದ್ಲು ಓದ್ರಿ ಸರ.”

ಅವನು ಫೋನನ್ನು ಭುಜಕ್ಕೂ ಕಿವಿಗೂ ನಡುವೆ ಒತ್ತಿಕೊಂಡು ಸಹಿ ಜಡಿದ.

“ಕಳಸ್ತೀನ್ರಿ. ಆಮ್ಯಾಲ ತಿದ್ದಾಕ ಬರಾಂಗಿಲ್ಲ. ಕೊನೀದ್ನರ ಓದ್ರಿ.”

“ಕಳಿಸವಾ ನಮ್ಮವ್ವ! ಕೊನೀತನ ಯಾರು ಓದ್ತಾರ?”

ಮೂರು ಸಲ ಕೇಳಿದಳು. ಅಂಕಿತವನ್ನೂ ಮೂರು ಸಲವೇ ಹಾಡುವುದು. ನಾಲ್ಕಕ್ಕೆ 12 ನಿಮಿಷ ಇದ್ದಾಗ ಗುಂಡಿ ಒತ್ತಿದಳು.

ತಿಂಗಳೊಪ್ಪತ್ತಿನಲ್ಲಿ ಸುದ್ದಿ ಬಂತು, ಗಡಿಸಿರಿ ವೈಜಿನಾಥನಿಗೆ ಎಂದು. ಅರ್ಜಿ ಹಾಕಿದ್ದು ಮೂವರು, ಉಳಿದಿಬ್ಬರು ಅಕ್ಷರದ ಲೆಕ್ಕದಲ್ಲೇ ಬಿದ್ದುಹೋಗಿದ್ದರು. ವೇದಿಕೆಯವರು ಹಾಡು ಓದಿದರೇ? ಅವರೂ ಹಸಿರು ನೋಡಿದರು. ಓದಿದವನು ಒಬ್ಬನೇ, ಪೆದ್ದೆಮುಲ್ ಊರಿನ ಭಜನೆಯ ಹಾಡುಗಾರ ಹಣಮಯ್ಯ. ಸನ್ಮಾನಕ್ಕೆ ಮೊದಲು ಆ ಹಾಡನ್ನು ಹಾಡಬೇಕೆಂದು ಅವನಿಗೆ ಪ್ರಿಂಟು ಕೊಟ್ಟಿದ್ದರು.

ಸ್ವರೂಪಾ ಅವ್ವ ಬಾಲಮಣಿಯನ್ನು ಸಮಾರಂಭಕ್ಕೆ ಕರೆದಳು. ಬಾಲಮಣಿ ಮುಖ ತಿರುಗಿಸಿದಳು. “ಆ ಮಾಸ್ತರನ ಹೆಸರಿಲೆ ಹಾಡ್ತಾರ. ಅದ್ನ ಕೇಳಾಕ ನಾ ತಾಂಡೂರಿಗಿ ಬರ್ಲಿ?”

“ಕೊನೀತನ ಕೂಡು ಅವ್ವಾ. ಅಷ್ಟೇ ಮಾಡು.”

ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ಫಂಕ್ಷನ್ ಹಾಲ್ ತುಂಬಿತ್ತು. ನಾಪರಾಯಿ ಎಂಬ ಹಾಸುಗಲ್ಲಿನ ನೆಲದ ಮೇಲೆ ಜಮಖಾನೆ ಹಾಸಿ, ಹಳ್ಳಿಯವರನ್ನೆಲ್ಲ ಕೂಡಿಸಿದ್ದರು. ವೇದಿಕೆಯ ಮೇಲೆ ನಡುಕುರ್ಚಿಯಲ್ಲಿ ವೈಜಿನಾಥ, ಪಕ್ಕದಲ್ಲಿ ಅಧ್ಯಕ್ಷ ಸಂಜೀವಕುಮಾರ, ಮೇಜಿನ ಮೇಲೆ ತಟ್ಟೆಯಲ್ಲಿ ಕೆಂಪು ಶಾಲು. ಹಣಮಯ್ಯ ಏಕತಾರಿ ಮೀಟಿದ.

‘ಸೇರಿನಾಗ ಅಳದಿ ಜ್ವಾಳ ತಮ್ಮಾ, ಗಜದಾಗ ಅಳದಿ ಅರಿವಿ ತಮ್ಮಾ, ಯಾತರಾಗ ಅಳೀತಿ ಹೇಳೊ ಮನಿಶ್ಯಾನ ಜೀವಾ ತಮ್ಮಾ...’

ವೈಜಿನಾಥ ಕುರ್ಚಿಯ ಕೈಯ ಮೇಲೆ ಬೆರಳಲ್ಲಿ ತಾಳ ಹಾಕುತ್ತಿದ್ದ. ಒಂದು, ಎರಡು, ಮೂರು, ನಾಲ್ಕು ನುಡಿ ಮುಗಿದವು. ಅವನು ಚಪ್ಪಾಳೆಗೆಂದು ಎರಡೂ ಕೈ ಎತ್ತಿದ. ಆದರೆ ಹಾಡು ನಿಲ್ಲಲಿಲ್ಲ. ತಾಳ ನಿಧಾನವಾಯಿತು. ಇಡೀ ಜಮಖಾನೆ ಬೆನ್ನು ನೆಟ್ಟಗೆ ಮಾಡಿ ಕೂತಿತು, ಏನು ಬರುತ್ತದೆಂದು ಆ ಜನರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

‘ಅಳದು ಅಳದು ಕೈಯಿ ಸೋತು ಕೂತಿ ತಮ್ಮಾ,
ಸೇರು ನಿಂದು, ರಾಶಿ ಯಾರದು ಕೇಳೊ ತಮ್ಮಾ,
ಬಿತ್ತಿದಾವ ಹೊಲದಾಗ ನಿಂತು ನೋಡ್ತಾನ,
ನಾಗಲಗಿದ್ದ ಮೊಗಲ ಅಂತಾರ ಅವಗ, ಹೆಸರು ಮರೀಬ್ಯಾಡೊ ತಮ್ಮಾ.’

ಕೊನೆಯ ಸಾಲನ್ನು ಹಣಮಯ್ಯ ಮೂರು ಸಲ ಹಾಡಿದ. ಮುನ್ನೂರು ಜನ ಕೈಮುಗಿದರು. ವೈಜಿನಾಥನ ಕೈಗಳು ಚಪ್ಪಾಳೆಯೂ ಆಗದೆ ನಮಸ್ಕಾರವೂ ಆಗದೆ ಗಾಳಿಯಲ್ಲೇ ನಿಂತವು. ಬಾಲಮಣಿ ಮಗಳ ಮೊಣಕೈಯನ್ನು ಉಗುರು ಇಳಿಯುವಂತೆ ಹಿಡಿದುಕೊಂಡಿದ್ದಳು.

ಹಣಮಯ್ಯ ಕಪಟ ತಿಳಿಯದ ಮನುಷ್ಯ. ಮೈಕಿನಲ್ಲೇ ಕೇಳಿದ: “ಸರ, ಈ ನಾಗಲಗಿದ್ದ ಮೊಗಲಪ್ಪನೋರು ನಿಮ್ಗ ಗುರುಗಳು ಆಗಬೇಕೇನ್ರಿ? ಭಾಳ ದೊಡ್ಡ ಹಾಡು ಕಟ್ಯಾರ.”

“ಅದು... ಆ ಕೊನೀ ನುಡಿ ನಂದಲ್ಲ,” ಎಂದು ವೈಜಿನಾಥ ಎದ್ದು ನಿಂತ. “ಟೈಪ್ ಮಾಡಾಕಿ ಸೇರಿಸ್ಯಾಳ.”

ಸಂಜೀವಕುಮಾರ ಕಾಗದ ತಿರುಗಿಸಿ ನೋಡಿದ. “ಇಲ್ಲಿ ನಿಮ್ಮ ಸಹಿ ಅದಲ್ಲರೀ. ಇರ್ಲಿ, ಕೊನೀದು ನಿಮ್ದಲ್ಲ ಅಂದ್ರ ಮೊದಲಿನ ನಾಕು ಯಾರವು? ಹಾಡು ಒಬ್ಬಂದು, ಅಂಕಿತ ಒಬ್ಬಂದು ಇರ್ತದೇನ್ರಿ?”

ಸ್ವರೂಪಾ ಎದ್ದು ನಿಂತಳು. ಹನ್ನೆರಡು ವರ್ಷದಿಂದ ಅವಳು ಈ ಗಳಿಗೆಗಾಗಿ ಉದ್ದುದ್ದ ಮಾತುಗಳನ್ನು ಕಟ್ಟಿಟ್ಟುಕೊಂಡಿದ್ದಳು. ಅವ್ಯಾವೂ ಬೇಕಾಗಲಿಲ್ಲ.

“ನಾ ಏನ್ ಮಾಡ್ಲಿ ಸರ? ಕಂಪ್ಯೂಟರ್ ಎಣಸ್ತದ. ನೂರು ಅಂದ್ರ ನೂರು.”

ಆಗ ಅವನಿಗೆ ಗುರುತು ಹತ್ತಿತು. ಮುಖ ಬೂದಿಯಾಯಿತು. ಕುರ್ಚಿಯಲ್ಲಿ ಕುಸಿದು ಕೂತ. ಸ್ವರೂಪಾ ಕಣ್ಣು ಕೀಳದೆ ನೋಡಿದಳು. ಮರುಕ ಬರುತ್ತದೇನೋ ಎಂದು ಒಂದು ಕ್ಷಣ ಕಾದಳು. ಬರಲಿಲ್ಲ.

“ನೀ ಯಾರವಾ?” ಎಂದು ಹಣಮಯ್ಯ ಕೇಳಿದ.

“ಮೊಗಲಪ್ಪನ ಮಗಳು. ಇಕಿ ಅವನ ಹೇಣ್ತಿ.”

ಜಮಖಾನೆಯ ತಲೆಗಳೆಲ್ಲ ಅವರಿಬ್ಬರ ಕಡೆ ತಿರುಗಿದವು. ಬಾಲಮಣಿ, ಗಂಡ ಸತ್ತ ಮೇಲೆ ನಾಲ್ಕು ಜನರ ಮುಂದೆ ಬಾಯಿ ಬಿಡದ ಹೆಂಗಸು, ಹಣಮಯ್ಯನ ಕಡೆ ನೋಡಿ ಒಂದೇ ಮಾತು ಕೇಳಿದಳು.

“ಮುಂದ?”

“ಇನ್ನೂ ಅವೇನವ್ವಾ?”

ಸ್ವರೂಪಾ ಚೀಲದಿಂದ ಎಂಟು ಹಾಳೆ ತೆಗೆದಳು. ಪ್ರತಿ ಹಾಳೆಯಲ್ಲೂ ಐದೈದು ನುಡಿ. ಹಣಮಯ್ಯ ಇಸಿದುಕೊಂಡು ಕಣ್ಣಿಗೊತ್ತಿಕೊಂಡ, ತಾಳದವರಿಗೆ ಸನ್ನೆ ಮಾಡಿದ, ಎರಡನೆಯದನ್ನು ಎತ್ತಿಕೊಂಡ.

ವೈಜಿನಾಥ ಮೆಲ್ಲಗೆ ಏಳಲು ನೋಡಿದ. ಸಂಜೀವಕುಮಾರ ಶಾಲಿನ ತಟ್ಟೆಯನ್ನು ಮೇಜಿನ ಆ ತುದಿಗೆ ಸರಿಸುತ್ತ, ಅವನ ಕಡೆ ನೋಡದೆಯೇ ಹೇಳಿದ: “ಕೂಡ್ರಿ ಸರ. ಅಂಕಿತ ಬರೂತನ ಏಳಬಾರದು.”

ಕೂತ. ಒಂದು ಅಂಕಿತ ಮುಗಿಯುವಷ್ಟರಲ್ಲಿ ಮುಂದಿನ ಹಾಡು ಶುರುವಾಗುತ್ತಿತ್ತು. ಮಧ್ಯಾಹ್ನ ಒಂದೂವರೆಯವರೆಗೆ ಆ ನಡುಕುರ್ಚಿಯಲ್ಲಿ, ಎಲ್ಲರ ಕಣ್ಣೆದುರಿಗೆ, ಕೊನೆಯತನಕ ಕೂತ. ಕೆಳಗೆ ಜಮಖಾನೆಯ ಮೇಲೆ ಬಾಲಮಣಿ ಗಂಡನ ಹೆಸರು ಬಂದಾಗೊಮ್ಮೆ ಒಂದು ಬೆರಳು ಮಡಿಸುತ್ತಿದ್ದಳು. ಒಂಬತ್ತು ಹಾಡು, ಹಾಡಿಗೆ ಮೂರು ಸಲ. ಇಪ್ಪತ್ತೇಳನೆಯದನ್ನು ಮಡಿಸಿ ಅವಳು ವೈಜಿನಾಥನ ಕಡೆ ನೋಡಿದಳು.

“ಈಗ ಬರಾಬರ್ ಆತು,” ಅಂದಳು. “ಈಗ ಅವಂಗ ಎದ್ದು ಹೋಗು ಅನ್ರಿ.”